ಆ್ಯಪ್ ಬಂದ್ ಆದದ್ದು ಯಾವ ಸಾಲಿನಲ್ಲಿ? ಮೊದಲು ನಂಬರ್ ತಾಳೆ ಹಾಕಿ ಕಾಣಿ

 

ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಮೊಬೈಲ್‌ನಲ್ಲಿ ಒಂದು ಆ್ಯಪ್ ತಟ್ಟನೆ ಬಂದ್ ಆಗ್ತದೆ. ಅದನ್ನು ಬರೆದವರು ಎಲ್ಲೋ ದೂರದಲ್ಲಿ ಇದ್ದಾರೆ. ತಪ್ಪಾದದ್ದು ಯಾವ ಸಾಲಿನಲ್ಲಿ ಅಂತ ಅವರಿಗೆ ಹೇಗೆ ಗೊತ್ತಾಗ್ತದೆ? ಇದಕ್ಕೆ ಉತ್ತರ ಇರುವುದು ಡಿಬಗ್ ಮಾಹಿತಿ ಫೈಲ್ ಅನ್ನುವ ಒಂದು ಫೈಲಿನಲ್ಲಿ. ಆ ಫೈಲನ್ನು ಬಿಚ್ಚಿ ನೋಡ್ಲಿಕ್ಕೆ ಕಮಾಂಡ್ ಲೈನ್ ಟೂಲ್‌ಗಳಿವೆ. ಅದನ್ನು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಲ್ಲೇ ಮಾಡಿ ನೋಡಬಹುದು.

"ಬಿ.ಕಾಂ. ಓದಿದವನಿಗೆ ಇದೆಲ್ಲ ಎಂತಕ್ಕೆ ಮಾರಾಯ" ಅಂತ ಕೇಳಬಹುದು. ಕಾಣಿ, ನನಗೆ ಇದು ಅರ್ಥ ಆದದ್ದೇ ಆಡಿಟಿಂಗ್ ಪಾಠದಿಂದ. ಬ್ಯಾಲೆನ್ಸ್ ಶೀಟಿನಲ್ಲಿ ಬರೀ ಮೊತ್ತ ಇರ್ತದೆ. ಆ ಮೊತ್ತ ಎಲ್ಲಿಂದ ಬಂತು ಅಂತ ಹೇಳುವುದು ವೋಚರ್. ಆಡಿಟರ್ ಬಂದಾಗ ಮೊದಲು ವೋಚರ್ ನಂಬರ್ ತಾಳೆ ಹಾಕ್ತಾರೆ, ಆಮೇಲೆ ಒಳಗೆ ಓದ್ತಾರೆ. ಡಿಬಗ್ ಫೈಲಿನ ಕಥೆಯೂ ಇಷ್ಟೇ.

ನಮ್ಮ ಊರಿನದ್ದೇ ಒಂದು ಉದಾಹರಣೆ ಇಟ್ಟುಕೊಳ್ಳುವ. ಪಿಗ್ಮಿ ಯಾರಿಗೆ ಗೊತ್ತಿಲ್ಲ? 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನದ ಚಿಲ್ಲರೆ ದುಡ್ಡನ್ನು ಜಮಾ ಮಾಡಿಕೊಂಡು ಹೋಗುವ ಪದ್ಧತಿ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿತು. ಪಿಗ್ಮಿ ಮಾತ್ರ ಸಹಕಾರಿ ಸೊಸೈಟಿಗಳಲ್ಲಿ ಇನ್ನೂ ನಡೀತಾ ಇದೆ.

ಈಗ ಒಂದು ಸೊಸೈಟಿ ಪಿಗ್ಮಿ ಕಲೆಕ್ಷನ್‌ಗೆ ಆ್ಯಪ್ ಮಾಡಿಸಿದೆ ಅಂತ ಇಟ್ಟುಕೊಳ್ಳಿ. ಕಲೆಕ್ಷನ್ ಮಾಡುವವರು ನಾವುಂದದ ಒಂದು ಅಂಗಡಿಯಲ್ಲಿ 200 ರೂಪಾಯಿ ಎಂಟ್ರಿ ಹಾಕಿ ಬಟನ್ ಒತ್ತಿದರು. ಆ್ಯಪ್ ಬಂದ್. ದುಡ್ಡು ಅವರ ಕಿಸೆಯಲ್ಲಿ ಇದೆ, ಎಂಟ್ರಿ ಆಯ್ತೋ ಇಲ್ವೋ ಗೊತ್ತಿಲ್ಲ. "ಎಂತ ಆಯ್ತ್?" ಅಂತ ಅಂಗಡಿಯವರು ಕೇಳಿದರೆ ಹೇಳ್ಲಿಕ್ಕೆ ಉತ್ತರ ಇಲ್ಲ. ಇಲ್ಲಿ ಹೋಗುವುದು ಬರೀ ಆ್ಯಪಿನ ಮರ್ಯಾದೆ ಅಲ್ಲ, ದಿನಾ ಅಂಗಡಿ ಬಾಗಿಲಿಗೆ ಹೋಗುವ ಆ ಮನುಷ್ಯನ ಮರ್ಯಾದೆಯೂ ಹೋಗ್ತದೆ.

ಆ್ಯಪ್ ಬಿದ್ದಾಗ ಫೋನ್ ಒಂದು ಕ್ರ್ಯಾಶ್ ರಿಪೋರ್ಟ್ ಬರೆದಿಡ್ತದೆ. ಆ ರಿಪೋರ್ಟಿನಲ್ಲಿ ಏನಿರ್ತದೆ? "ಮೊತ್ತ ಸೇವ್ ಮಾಡುವ 42ನೇ ಸಾಲಿನಲ್ಲಿ ತಪ್ಪಾಯ್ತು" ಅಂತ ಇರುವುದಿಲ್ಲ. ಮುಖ್ಯವಾಗಿ ಇರುವುದು ಒಂದು ಉದ್ದ ಸಂಖ್ಯೆ. ಇಂಥ ಲೈಬ್ರರಿ ಫೈಲಿನ ಒಳಗೆ, ಶುರುವಿನಿಂದ ಇಷ್ಟು ದೂರದಲ್ಲಿ ಬಿತ್ತು ಅಂತ. ಇದಕ್ಕೆ ಅಡ್ರೆಸ್ ಅಂತ ಹೇಳ್ತಾರೆ.

ಬರೀ ಸಂಖ್ಯೆ ಯಾಕೆ? ಪ್ರೋಗ್ರಾಮರ್ ಬರೆಯುವುದು ಮನುಷ್ಯರು ಓದುವ ಸಾಲುಗಳನ್ನು. ಫಂಕ್ಷನ್‌ಗೆ ಹೆಸರು, ವೇರಿಯೆಬಲ್‌ಗೆ ಹೆಸರು, ಎಲ್ಲ ಇರ್ತದೆ. ಕಂಪೈಲರ್ ಅದನ್ನು ಪ್ರೊಸೆಸರ್‌ಗೆ ಬೇಕಾದ ಸೂಚನೆಗಳಾಗಿ ಬದಲಾಯಿಸ್ತದೆ. ಪ್ರೊಸೆಸರ್‌ಗೆ ಹೆಸರು ಬೇಡ, ಅಡ್ರೆಸ್ ಸಾಕು. ಹಾಗಾಗಿ ಜನರಿಗೆ ಆ್ಯಪ್ ಕೊಡುವ ಮೊದಲು ಹೆಸರು, ಸಾಲಿನ ನಂಬರ್ ಎಲ್ಲ ಕಿತ್ತು ತೆಗೀತಾರೆ. ಇದಕ್ಕೆ ಸ್ಟ್ರಿಪ್ ಮಾಡುವುದು ಅಂತ ಹೆಸರು. ಆ್ಯಪಿನ ಸೈಜ್ ಕಡಿಮೆ ಆಗ್ತದೆ, ಡೌನ್‌ಲೋಡ್ ಬೇಗ ಆಗ್ತದೆ.

ಕಿತ್ತ ಮಾಹಿತಿಯನ್ನು ಬಿಸಾಡಬಾರದು. ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಬೇಕು. ಅದೇ ಡಿಬಗ್ ಮಾಹಿತಿ ಫೈಲ್. ಅದರೊಳಗೆ ಒಂದು ಪಟ್ಟಿ ಇರ್ತದೆ: ಈ ಅಡ್ರೆಸ್ ಅಂದರೆ ಈ ಸೋರ್ಸ್ ಫೈಲಿನ ಈ ಸಾಲು ಅಂತ. ಫಂಕ್ಷನ್‌ಗಳ ಹೆಸರು, ವೇರಿಯೆಬಲ್‌ಗಳ ಹೆಸರು, ಯಾವುದು ಯಾವ ಬಗೆಯ ಡೇಟಾ ಅನ್ನುವುದೂ ಇರ್ತದೆ.

ಲಿನಕ್ಸ್, ಆಂಡ್ರಾಯ್ಡ್, ಆ್ಯಪಲ್ ಮೂರರಲ್ಲೂ ಈ ಮಾಹಿತಿ ಬರೆಯುವ ಕ್ರಮಕ್ಕೆ ಡ್ವಾರ್ಫ್ ಅಂತ ಹೆಸರು. 1980ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ಗಾಗಿ ಹುಟ್ಟಿದ್ದು. ಪ್ರೋಗ್ರಾಂ ಫೈಲಿನ ಕ್ರಮಕ್ಕೆ ಎಲ್ಫ್ ಅಂತ ಹೆಸರಿತ್ತು. ಇಂಗ್ಲಿಷ್ ಕಥೆಗಳಲ್ಲಿ ಎಲ್ಫ್ ಅಂದರೆ ಯಕ್ಷಿಣಿಯಂಥ ಜೀವಿ, ಡ್ವಾರ್ಫ್ ಅಂದರೆ ಕುಬ್ಜ. ಎಲ್ಫ್ ಇದ್ದಲ್ಲಿ ಡ್ವಾರ್ಫ್ ಇರ್ಲಿ ಅಂತ ತಮಾಷೆಗೆ ಇಟ್ಟ ಹೆಸರು ಅದು. ಅದರ 5ನೇ ಆವೃತ್ತಿ 2017ರಲ್ಲಿ ಬಂತು. ಆ್ಯಪಲ್ ಈ ಮಾಹಿತಿಯನ್ನು ಡಿ-ಸಿಮ್ ಅನ್ನುವ ಕಟ್ಟಿನಲ್ಲಿ ಇಡ್ತದೆ. ವಿಂಡೋಸ್‌ನಲ್ಲಿ ಕ್ರಮವೇ ಬೇರೆ, ಅಲ್ಲಿ ಪಿಡಿಬಿ ಫೈಲ್. ಆಂಡ್ರಾಯ್ಡ್‌ನ ಜಾವಾ, ಕಾಟ್ಲಿನ್ ಭಾಗಕ್ಕೆ ಹೆಸರುಗಳನ್ನು ಚುಟುಕು ಮಾಡಿದರೆ, ಯಾವ ಚುಟುಕು ಹೆಸರಿಗೆ ಯಾವ ಮೂಲ ಹೆಸರು ಅಂತ ಹೇಳುವ ಮ್ಯಾಪಿಂಗ್ ಫೈಲ್ ಬೇರೆ ಸಿಗ್ತದೆ.

ಸರಿ, ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಒಂದೇ ಆ್ಯಪಿನ 10 ಆವೃತ್ತಿ ಹೊರಗೆ ಬಂದಿದೆ ಅಂದರೆ 10 ಡಿಬಗ್ ಫೈಲ್ ಇರಬೇಕು. ನಾವುಂದದ ಫೋನಿನಲ್ಲಿ ಇದ್ದದ್ದು 7ನೆಯದ್ದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು 10ನೆಯದ್ದರ ಡಿಬಗ್ ಫೈಲ್. ಆ ಅಡ್ರೆಸನ್ನು ಇದರಲ್ಲಿ ಹುಡುಕಿದರೆ ಎಂತ ಆಗ್ತದೆ? ಕೆಲವು ಸಲ ಎರಡು ಪ್ರಶ್ನಾರ್ಥಕ ಚಿಹ್ನೆ ಬರ್ತದೆ. ಅದು ಪರವಾಗಿಲ್ಲ, ಗೊತ್ತಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿತು. ಕೆಲವು ಸಲ ಒಂದು ಸಾಲಿನ ನಂಬರೇ ಬರ್ತದೆ, ಆದರೆ ಅದು ಸುಳ್ಳು ಸಾಲು. ನೀವು ಎರಡು ದಿನ ಸರಿ ಇರುವ ಕೋಡನ್ನು ರಿಪೇರಿ ಮಾಡ್ತಾ ಕೂತುಕೊಳ್ತೀರಿ. ಬೇರೆಯವರ ವೋಚರ್ ಇಟ್ಟುಕೊಂಡು ಲೆಕ್ಕ ತಾಳೆ ಮಾಡಿದ ಹಾಗೆ.

ಇದನ್ನು ತಪ್ಪಿಸುವುದಕ್ಕೆ ಬಿಲ್ಡ್ ಐಡಿ ಇದೆ. ಪ್ರೋಗ್ರಾಂ ತಯಾರಾಗುವಾಗಲೇ ಅದರೊಳಗೆ ಒಂದು ಗುರುತಿನ ಸಂಖ್ಯೆ ಬರೀತಾರೆ, ಸಾಮಾನ್ಯವಾಗಿ 40 ಅಕ್ಷರ-ಅಂಕಿ ಉದ್ದ. ಆ್ಯಪಲ್‌ನಲ್ಲಿ ಇದಕ್ಕೆ ಯುಯುಐಡಿ ಅಂತಾರೆ. ವಿಂಡೋಸ್‌ನ ಪಿಡಿಬಿಗೂ ಇಂಥದ್ದೇ ಒಂದು ಗುರುತು ಇದೆ. ಸ್ಟ್ರಿಪ್ ಮಾಡಿದ ಮೇಲೂ ಈ ಸಂಖ್ಯೆ ಉಳೀತದೆ. ಆ್ಯಪಿನಲ್ಲೂ ಅದೇ ಸಂಖ್ಯೆ, ಡಿಬಗ್ ಫೈಲಿನಲ್ಲೂ ಅದೇ ಸಂಖ್ಯೆ. ಪಿಗ್ಮಿ ರಸೀದಿಯಲ್ಲೂ ಅದರ ಕೌಂಟರ್‌ಫಾಯಿಲ್‌ನಲ್ಲೂ ಒಂದೇ ನಂಬರ್ ಇದ್ದ ಹಾಗೆ. ಆಂಡ್ರಾಯ್ಡ್‌ನ ಕ್ರ್ಯಾಶ್ ರಿಪೋರ್ಟಿನಲ್ಲಿ ಲೈಬ್ರರಿಯ ಹೆಸರಿನ ಪಕ್ಕ ಬಿಲ್ಡ್ ಐಡಿಯೂ ಬರ್ತದೆ.

ಈಗ ಟೂಲ್. ಫೋನಿನಲ್ಲಿ ಟರ್ಮಕ್ಸ್ ಅನ್ನುವ ಆ್ಯಪ್ ಹಾಕಿಕೊಳ್ಳಿ, ಎಫ್-ಡ್ರಾಯ್ಡ್ ತಾಣದಲ್ಲಿ ಉಚಿತವಾಗಿ ಸಿಗ್ತದೆ. ಅದು ಫೋನಿನೊಳಗೆ ಲಿನಕ್ಸಿನಂಥ ಒಂದು ಟರ್ಮಿನಲ್ ಕೊಡ್ತದೆ. ಅಲ್ಲಿ ಪಿಕೆಜಿ ಇನ್‌ಸ್ಟಾಲ್ ಅಂತ ಬರೆದು, ಕ್ಲ್ಯಾಂಗ್ ಮತ್ತು ಎಲ್‌ಎಲ್‌ವಿಎಂ ಎರಡನ್ನು ಹಾಕಿಸಿಕೊಳ್ಳಿ. ಒಂದು ಆರೇಳು ಸಾಲಿನ ಸಿ ಪ್ರೋಗ್ರಾಂ ಬರೀರಿ. ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ ಇದ್ದರೆ ಸಾಕು.

ಮೊದಲನೇ ಹೆಜ್ಜೆ, ಕಂಪೈಲ್. ಕ್ಲ್ಯಾಂಗ್, ಸ್ಪೇಸ್, ಮೈನಸ್ ಜಿ, ಸ್ಪೇಸ್, ನಿಮ್ಮ ಫೈಲಿನ ಹೆಸರು. ಆ ಮೈನಸ್ ಜಿ ಅಂದರೆ ಡಿಬಗ್ ಮಾಹಿತಿಯನ್ನೂ ಬರೆ ಅಂತ ಕಂಪೈಲರ್‌ಗೆ ಹೇಳಿದ್ದು. ಬಿಲ್ಡ್ ಐಡಿ ಬೇಕಿದ್ದರೆ ಲಿಂಕರ್‌ಗೆ ಅದರ ಆಯ್ಕೆಯನ್ನೂ ಕೊಡಿ.

ಎರಡನೇ ಹೆಜ್ಜೆ, ಬಿಚ್ಚಿ ನೋಡುವುದು. ಟೂಲಿನ ಹೆಸರು ಎಲ್‌ಎಲ್‌ವಿಎಂ ಡ್ವಾರ್ಫ್‌ಡಂಪ್. ಅದಕ್ಕೆ ಡಿಬಗ್ ಲೈನ್ ಅನ್ನುವ ಆಯ್ಕೆ ಕೊಟ್ಟರೆ ಒಂದು ಪಟ್ಟಿ ಬರ್ತದೆ. ಎಡಗಡೆ ಅಡ್ರೆಸ್, ಪಕ್ಕದಲ್ಲಿ ಸಾಲಿನ ನಂಬರ್, ಅದರ ಪಕ್ಕ ಕಾಲಂ. ನಿಮ್ಮ ಆರೇಳು ಸಾಲು ಎಷ್ಟು ಅಡ್ರೆಸ್‌ಗಳಾಗಿ ಹರಡಿದೆ ಅಂತ ಕಣ್ಣಾರೆ ಕಾಣ್ತದೆ. ಡಿಬಗ್ ಇನ್ಫೋ ಅಂತ ಕೊಟ್ಟರೆ ಫಂಕ್ಷನ್‌ಗಳ ಹೆಸರು, ಯಾವ ಸಾಲಿನಲ್ಲಿ ಬರೆದದ್ದು, ಯಾವ ಫೋಲ್ಡರಿನಲ್ಲಿ ಕಂಪೈಲ್ ಆದದ್ದು ಎಲ್ಲ ಬರ್ತದೆ.

ಮೂರನೇ ಹೆಜ್ಜೆ, ಗುರುತಿನ ಸಂಖ್ಯೆ. ಎಲ್‌ಎಲ್‌ವಿಎಂ ರೀಡ್‌ಎಲ್ಫ್, ಮೈನಸ್ ಎನ್. ಬಿಲ್ಡ್ ಐಡಿ ಕಾಣ್ತದೆ. ಈಗ ಫೈಲಿನ ಒಂದು ಕಾಪಿ ಮಾಡಿ, ಕಾಪಿಯನ್ನು ಸ್ಟ್ರಿಪ್ ಮಾಡಿ. ಡ್ವಾರ್ಫ್‌ಡಂಪ್ ಹಾಕಿ ಕಾಣಿ, ಪಟ್ಟಿ ಖಾಲಿ. ರೀಡ್‌ಎಲ್ಫ್ ಹಾಕಿ ಕಾಣಿ, ಬಿಲ್ಡ್ ಐಡಿ ಮಾತ್ರ ಹಾಗೇ ಇದೆ. ಇಷ್ಟು ಮಾಡಿದರೆ ವಿಷಯ ಮುಕ್ಕಾಲು ತಲೆಗೆ ಹೋದ ಹಾಗೆ.

ನಾಲ್ಕನೆಯದ್ದು, ಅಡ್ರೆಸ್ ಕೊಟ್ಟು ಸಾಲು ಕೇಳುವುದು. ಅದಕ್ಕೆ ಎಲ್‌ಎಲ್‌ವಿಎಂ ಸಿಂಬಲೈಸರ್ ಇದೆ, ಅಡ್ರ್-ಟು-ಲೈನ್ ಅನ್ನುವ ಹಳೇ ಟೂಲೂ ಇದೆ. ಪಟ್ಟಿಯಲ್ಲಿ ಕಂಡ ಒಂದು ಅಡ್ರೆಸ್ ಕೊಡಿ, ಫಂಕ್ಷನ್ ಹೆಸರು, ಸಾಲಿನ ನಂಬರ್ ಕೊಡ್ತದೆ. ಒಂದು ಎಚ್ಚರ: ಅಡ್ರ್-ಟು-ಲೈನ್ ನೀವು ಕೊಟ್ಟ ಫೈಲನ್ನೇ ನಂಬ್ತದೆ. ಇದು ಆ ರಿಪೋರ್ಟಿನ ಫೈಲ್ ಹೌದಾ ಅಂತ ಅದು ಕೇಳುವುದಿಲ್ಲ. ಹಾಗಾಗಿ ಮೂರನೇ ಹೆಜ್ಜೆ ಬಿಟ್ಟು ನಾಲ್ಕಕ್ಕೆ ಹಾರಬೇಡಿ. ಮೊದಲು ನಂಬರ್ ತಾಳೆ, ಆಮೇಲೆ ಓದುವುದು.

"ಕ್ರ್ಯಾಶ್ ಆದರೆ ಫೋನ್ ಎದುರಿಗೆ ಇಟ್ಟುಕೊಂಡು ಮತ್ತೊಮ್ಮೆ ಮಾಡಿ ನೋಡಿದರೆ ಸಾಕಲ್ಲ?" ಅಂತ ಕೇಳಬಹುದು. ಎಲ್ಲ ಕ್ರ್ಯಾಶೂ ನಿಮ್ಮ ಫೋನಿನಲ್ಲಿ ಆಗುವುದಿಲ್ಲ. 2018ರ ಫೆಬ್ರವರಿಯಲ್ಲಿ ನಡೆದದ್ದು ನೆನಪಿದ್ಯಾ? ತೆಲುಗಿನ 'ಜ್ಞಾ' ಅಕ್ಷರ ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಬಿದ್ದು ಹೋಗ್ತಿದ್ದವು. ಬಂಗಾಳಿ, ದೇವನಾಗರಿಯ ಕೆಲವು ಒತ್ತಕ್ಷರ ಜೋಡಣೆಗಳಲ್ಲೂ ಆ ತೊಂದರೆ ಇತ್ತು. ಆ್ಯಪಲ್ ಅದೇ ತಿಂಗಳು ಐಒಎಸ್ 11.2.6 ಬಿಟ್ಟು ಸರಿ ಮಾಡಿತು. ಮೆಸೇಜ್ ಆ್ಯಪ್ ಬರೆದವರ ತಪ್ಪಲ್ಲ ಅದು, ಅಕ್ಷರ ಬಿಡಿಸುವ ಒಳಗಿನ ಕೋಡಿನದ್ದು. ನಮ್ಮದೂ ಒತ್ತಕ್ಷರದ ಲಿಪಿಯೇ. ಇಂಗ್ಲಿಷಿನಲ್ಲೇ ಪರೀಕ್ಷೆ ಮಾಡಿದ ಆ್ಯಪ್ ಗ್ರಾಹಕರ ಹೆಸರನ್ನು ಕನ್ನಡದಲ್ಲಿ ಬರೆದಾಗ ಬೀಳಬಹುದು. ಆಗ ತಪ್ಪು ತನ್ನ ಕೋಡಿನಲ್ಲಾ, ಕೆಳಗಿನ ಲೈಬ್ರರಿಯಲ್ಲಾ ಅಂತ ಬೇರೆ ಮಾಡಿ ತೋರಿಸುವುದು ಫಂಕ್ಷನ್ ಹೆಸರು ಇರುವ ರಿಪೋರ್ಟ್ ಮಾತ್ರ.

ಇನ್ನೊಂದು ಬದಿಯೂ ಇದೆ. ಕೆಲವರು ಡಿಬಗ್ ಮಾಹಿತಿಯನ್ನು ತೆಗೆಯದೆ ಹಾಗೇ ಆ್ಯಪನ್ನು ಜನರಿಗೆ ಕೊಟ್ಟುಬಿಡ್ತಾರೆ. ಎರಡನೇ ಹೆಜ್ಜೆಯಲ್ಲಿ ಫೋಲ್ಡರಿನ ಹೆಸರೂ ಕಾಣ್ತದೆ ಅಂತ ಹೇಳಿದೆನಲ್ಲ? ನಿಮ್ಮ ಕಂಪ್ಯೂಟರಿನ ಯೂಸರ್ ನೇಮ್, ಗ್ರಾಹಕರ ಹೆಸರಿನಲ್ಲಿ ಮಾಡಿದ ಫೋಲ್ಡರ್, ಪಾಸ್‌ವರ್ಡ್ ಪರೀಕ್ಷಿಸುವ ಫಂಕ್ಷನ್ ಎಲ್ಲಿದೆ ಅನ್ನುವುದು, ಎಲ್ಲ ಹೊರಗಿನವರಿಗೂ ಅಷ್ಟೇ ಸುಲಭದಲ್ಲಿ ಕಾಣ್ತದೆ. ಆ್ಯಪ್ ಬಿಡುಗಡೆಗೆ ಮೊದಲು ಅದರ ಮೇಲೆ ಇದೇ ಟೂಲ್ ಓಡಿಸಿ. ಹೊರಗೆ ಹೋಗುವ ಫೈಲಿನಲ್ಲಿ ಪಟ್ಟಿ ಖಾಲಿ ಇರಬೇಕು, ಮನೆಯಲ್ಲಿ ಉಳಿಯುವ ಫೈಲಿನಲ್ಲಿ ತುಂಬಿರಬೇಕು.

ಇದೆಲ್ಲ ದೊಡ್ಡ ಕಂಪನಿಯವರಿಗೆ ಅಂತ ಅಂದುಕೊಳ್ಳಬೇಡಿ. ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲೇ ರೋಬೋಸಾಫ್ಟ್ ಶುರು ಮಾಡಿದ್ದರು. ಸಾಫ್ಟ್‌ವೇರ್ ಮಾಡ್ಲಿಕ್ಕೆ ಊರು ಬಿಡಲೇಬೇಕು ಅಂತ ಇಲ್ಲ ಅನ್ನುವುದಕ್ಕೆ ಅಷ್ಟು ಹಳೇ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಈಗ ಮೂಡ್ಲಕಟ್ಟೆ, ಬಂಟಕಲ್ಲು, ನಿಟ್ಟೆ, ಮಣಿಪಾಲದಲ್ಲಿ ಓದುವ ಮಕ್ಕಳು ಸೊಸೈಟಿಗೆ, ಅಂಗಡಿಗೆ, ಕ್ಯಾಟರಿಂಗ್‌ನವರಿಗೆ ಆ್ಯಪ್ ಮಾಡಿಕೊಡುವ ಕಾಲ. ಆ್ಯಪ್ ಕೊಟ್ಟಾಯ್ತು, ದುಡ್ಡು ಬಂತು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯ್ತು. ಆರು ತಿಂಗಳ ನಂತರ ಕ್ರ್ಯಾಶ್ ರಿಪೋರ್ಟ್ ಬಂದರೆ ಆ ಸಂಖ್ಯೆಗೆ ಅರ್ಥ ಹೇಳುವ ಫೈಲ್ ಎಲ್ಲೂ ಇಲ್ಲ. ಸೋರ್ಸ್ ಕೋಡ್ ಇದ್ದರೂ, ಬೇರೆ ಕಂಪೈಲರ್ ಆವೃತ್ತಿಯಲ್ಲಿ ಮತ್ತೆ ಬಿಲ್ಡ್ ಮಾಡಿದರೆ ಅಡ್ರೆಸ್‌ಗಳು ಬೇರೆ ಆಗಬಹುದು.

ಕಂಪನಿ ಕಾಯ್ದೆ 2013ರ ಪ್ರಕಾರ ಕಂಪನಿಗಳು ಲೆಕ್ಕಪುಸ್ತಕ ಮತ್ತು ವೋಚರ್‌ಗಳನ್ನು ಕನಿಷ್ಠ 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. ಡಿಬಗ್ ಫೈಲಿಗೆ ಅಂಥ ನಿಯಮವನ್ನು ನೀವೇ ಹಾಕಿಕೊಳ್ಳಿ: ಆ ಆವೃತ್ತಿ ಒಂದೇ ಒಂದು ಗ್ರಾಹಕರ ಫೋನಿನಲ್ಲಿ ಇದ್ದರೂ ಅದರ ಡಿಬಗ್ ಫೈಲ್ ನಿಮ್ಮ ಹತ್ತಿರ ಇರಬೇಕು. ಪ್ರತಿ ಬಿಡುಗಡೆಗೆ ಒಂದು ಫೋಲ್ಡರ್. ಅದರಲ್ಲಿ ಆ್ಯಪ್, ಡಿಬಗ್ ಫೈಲ್, ಮ್ಯಾಪಿಂಗ್ ಫೈಲ್, ಬಿಲ್ಡ್ ಐಡಿ ಬರೆದ ಒಂದು ಚೀಟಿ. ಪ್ಲೇ ಸ್ಟೋರಿಗೆ ಹಾಕುವವರು ಪ್ಲೇ ಕನ್ಸೋಲಿಗೂ ಡಿಬಗ್ ಸಿಂಬಲ್ ಅಪ್‌ಲೋಡ್ ಮಾಡಬಹುದು, ಆಗ ಅಲ್ಲಿನ ರಿಪೋರ್ಟುಗಳಲ್ಲೇ ಹೆಸರು ಕಾಣ್ತದೆ.

ಆ್ಯಪ್ ಮಾಡಿಸುವವರಿಗೂ ಒಂದು ಮಾತು. ಸೊಸೈಟಿಯ ಆಡಳಿತ ಮಂಡಳಿಯಲ್ಲಿ ನಿಮ್ಮ ಅಪ್ಪಯ್ಯನೋ ಮಾವನೋ ಇದ್ದರೆ ಅವರಿಗೆ ಹೇಳಿ. ಆ್ಯಪ್ ಬರೆದವರ ಜೊತೆ ಕರಾರು ಮಾಡುವಾಗ ಒಂದು ಸಾಲು ಸೇರಿಸಲಿ: "ಪ್ರತಿ ಆವೃತ್ತಿಯ ಸೋರ್ಸ್ ಕೋಡ್ ಮತ್ತು ಡಿಬಗ್ ಮಾಹಿತಿ ಫೈಲ್ ನಮಗೂ ಒಪ್ಪಿಸತಕ್ಕದ್ದು." ಆ ಹುಡುಗನಿಗೆ ನಾಳೆ ಬೇರೆ ಕೆಲಸ ಸಿಕ್ಕಿ ಪುಣೆಗೆ ಹೋದರೂ, ಮತ್ತೊಬ್ಬರು ಬಂದು ಅಂಗಡಿಯವರ 200 ರೂಪಾಯಿ ಎಲ್ಲಿ ಸಿಕ್ಕಿಬಿತ್ತು ಅಂತ ಹುಡುಕಲಿಕ್ಕೆ ದಾರಿ ಇರ್ತದೆ.

ಟರ್ಮಕ್ಸ್‌ನಲ್ಲಿ ನಾಲ್ಕು ಹೆಜ್ಜೆ ಮಾಡಿ ನೋಡಿ. ಎಲ್ಲಿ ಸಿಕ್ಕಿ ಹಾಕಿಕೊಂಡಿರಿ ಅಂತ ವಾಯ್ಸ್ ಮೆಸೇಜ್ ಕಳಿಸಿ, ಕುಂದಾಪ್ರ ಕನ್ನಡದಲ್ಲೇ ಹೇಳಿ, ತೊಂದರೆ ಇಲ್ಲ. ಮುಂದಿನ ಕಂತಿನಲ್ಲಿ ಆ ಪ್ರಶ್ನೆಗಳನ್ನೇ ಎತ್ತಿಕೊಳ್ಳುವ. ಬರ್ತೆ, ನಮಸ್ಕಾರ.