ನಾಮಿನಿ ಮಾಲೀಕನಲ್ಲ, ಅಮಾನತ್‌ದಾರ

(ಜುಮಾ ಖುತ್ಬಾದ ಸಾರಾಂಶ)

ಸರ್ವ ಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್, ಸಲಾಮ್ ಇರಲಿ.



ಯಲಹಂಕ, ಯಶವಂತಪುರ, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದ ನಮ್ಮ ಹಿರಿಯರಲ್ಲಿ ಅನೇಕರು ಹೊಲ, ತೋಟ ಬಿಟ್ಟು ಹೋದವರಲ್ಲ. ಅವರ ಬೆವರಿನ ಉಳಿತಾಯ ಇರುವುದು ಪಿ.ಎಫ್. ಖಾತೆಯಲ್ಲಿ, ಅಂಚೆ ಕಚೇರಿಯ ಪಿಪಿಎಫ್ ಪಾಸ್‌ಬುಕ್ಕಿನಲ್ಲಿ. ತಂದೆ ತೀರಿಕೊಂಡ ಮೇಲೆ ಆ ಹಣ ಯಾರದು? “ನಾಮಿನಿ ಯಾರೋ ಅವರದು” ಎಂದು ಬಹಳ ಮಂದಿ ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ.

ಹಣವನ್ನು ಯಾರ ಕೈಗೆ ಕೊಡಬೇಕೆಂದು ಕಚೇರಿಗೆ ತಿಳಿಸುವುದೇ ನಾಮಿನೇಷನ್. ಷೇರು, ಮ್ಯೂಚುವಲ್ ಫಂಡ್‌ಗಳ ವಿಷಯದಲ್ಲಿ ನಾಮಿನಿ ಸಂಪೂರ್ಣ ಒಡೆಯನಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಶರೀಅತ್‌ನ ದೃಷ್ಟಿಯಲ್ಲಂತೂ ತಂದೆಯ ಉಳಿತಾಯ ನಾಮಿನಿಯ ಕೈಯಲ್ಲಿರುವ ಅಮಾನತ್. ಅದರಲ್ಲಿ ಎಲ್ಲ ವಾರೀಸುದಾರರಿಗೂ ಹಕ್ಕಿದೆ.

ಸೂರಃ ಅನ್ನಿಸಾದ 11 ಮತ್ತು 12ನೇ ವಚನಗಳಲ್ಲಿ ಅಲ್ಲಾಹನೇ ಪಾಲು ನಿಗದಿ ಮಾಡಿದ್ದಾನೆ. ಮೊದಲು ಕಫನ್, ದಫನ್ ಖರ್ಚು. ನಂತರ ಸಾಲ, ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ. ಬಳಿಕ ಮೂರನೇ ಒಂದು ಭಾಗ ಮೀರದ ವಸಿಯ್ಯತ್. ಇವೆಲ್ಲ ಕಳೆದು 8 ಲಕ್ಷ ರೂಪಾಯಿ ಉಳಿಯಿತು ಎನ್ನೋಣ. ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಮೃತರ ತಂದೆತಾಯಿ ಇಲ್ಲ. ಪತ್ನಿಗೆ ಎಂಟನೇ ಒಂದು, ಅಂದರೆ 1 ಲಕ್ಷ. ಪ್ರತಿ ಮಗನಿಗೆ 2 ಲಕ್ಷ 80 ಸಾವಿರ, ಮಗಳಿಗೆ 1 ಲಕ್ಷ 40 ಸಾವಿರ. ವಿಧವೆಯ ಹೆಸರಿಗೆ ಮಂಜೂರಾಗುವ ಮಾಸಿಕ ಪಿಂಚಣಿ ಈ ಲೆಕ್ಕದಲ್ಲಿ ಬರುವುದಿಲ್ಲ, ಅದು ಆಕೆಯದು.

“ಖಾತೆಯಲ್ಲೇ ಇರಲಿ, ಆಮೇಲೆ ನೋಡೋಣ” ಎಂದು ವರ್ಷಗಟ್ಟಲೆ ಬಿಡುವವರಿದ್ದಾರೆ. ಪಿಪಿಎಫ್ ಖಾತೆದಾರ ತೀರಿಕೊಂಡರೆ ನಾಮಿನಿಯಾಗಲಿ ವಾರೀಸುದಾರರಾಗಲಿ ಅದನ್ನು ಮುಂದುವರಿಸುವಂತಿಲ್ಲ, ಮುಚ್ಚಲೇಬೇಕು. ಪಿ.ಎಫ್. ಹಣಕ್ಕೆ ಮೂರು ವರ್ಷ ಅರ್ಜಿಯೇ ಹಾಕದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಫಾರಂ 20 ತುಂಬಿ, ಮರಣ ಪ್ರಮಾಣಪತ್ರದೊಂದಿಗೆ ಕೊಡಿ. ನೌಕರಿಯಲ್ಲಿರುವಾಗಲೇ ಮರಣ ಹೊಂದಿದ್ದರೆ ವಿಮೆಯ ಹಣಕ್ಕೆ ಫಾರಂ 5 ಐಎಫ್ ಕೂಡ ಇದೆ. ಬಡ್ಡಿಯ ಭಾಗವನ್ನು ಏನು ಮಾಡಬೇಕೆಂದು ಉಲಮಾಗಳಲ್ಲಿ ಕೇಳಿ. ಆದರೆ ಅದನ್ನೇ ನೆಪ ಮಾಡಿ ಹಂಚಿಕೆ ಮುಂದೂಡಬೇಡಿ.

ಸಹೋದರರೇ, ಇನ್ನೊಂದು ಮಾತು. “ಆಪಾ, ನಿನ್ನ ಮದುವೆಗೆ ಅಬ್ಬಾ ಖರ್ಚು ಮಾಡಿದ್ದಾರೆ, ಪಾಲು ಬಿಟ್ಟುಬಿಡು, ತವರಿನ ಬಾಗಿಲು ನಿನಗೆ ಯಾವಾಗಲೂ ತೆರೆದಿರುತ್ತದೆ” ಎನ್ನುತ್ತೇವೆ. ಬಾಗಿಲು ಮುಚ್ಚೀತೆಂಬ ಭಯದಿಂದ ಆಕೆ ತಲೆಯಾಡಿಸುತ್ತಾಳೆ. ಅದು ಸಮ್ಮತಿಯೇ? ಮೊದಲು ಆಕೆಯ ಪಾಲನ್ನು ಆಕೆಯ ಬ್ಯಾಂಕ್ ಖಾತೆಗೆ ಹಾಕಿ. ಆಮೇಲೆ ಮನಸಾರೆ ಏನಾದರೂ ಕೊಟ್ಟರೆ ಅದು ಉಡುಗೊರೆ. ಮೃತರ ಮಕ್ಕಳಲ್ಲಿ ಚಿಕ್ಕವರಿದ್ದರೆ ಇನ್ನೂ ಎಚ್ಚರ ಬೇಕು. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂದು ಅದೇ ಸೂರಃದ 10ನೇ ವಚನ ಎಚ್ಚರಿಸುತ್ತದೆ.

ಬದುಕಿರುವ ನಾವೂ ಇಂದೇ ನಮ್ಮ ಕಾಗದಪತ್ರ ನೋಡಿಕೊಳ್ಳೋಣ. ಕುಟುಂಬವಿಲ್ಲದಾಗ ಬೇರೆಯವರ ಹೆಸರಿಗೆ ಮಾಡಿದ ಪಿ.ಎಫ್. ನಾಮಿನೇಷನ್ ಮದುವೆಯಾದ ಮೇಲೆ ಊರ್ಜಿತವಲ್ಲ; ಹೊಸದಾಗಿ ಮಾಡಬೇಕು. ಯಾವ ಖಾತೆ ಎಲ್ಲಿದೆ, ಯಾರಿಗೆ ಎಷ್ಟು ಸಾಲ ಕೊಡಬೇಕಿದೆ ಎಂದು ಬರೆದು ಮನೆಯವರಿಗೆ ತಿಳಿಸಿ.

ತಂದೆಗಾಗಿ ದುಆ ಮಾಡುವ ಕೈಯಲ್ಲಿ ತಂಗಿಯ ಪಾಲು ಉಳಿದಿರಬಾರದು. ಹಕ್ಕುದಾರರಿಗೆ ಹಕ್ಕು ತಲುಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.