ಮಾತು ಕೊಡುವವರು ಇಬ್ಬರು

ಗಂಡನ ಮಾತು ಮೀರುವುದಿಲ್ಲವೆಂದು ವಧು ಮದುವೆಯಲ್ಲಿ ಪ್ರತಿಜ್ಞೆ ಮಾಡಬೇಕೇ? ಪುಣೆ ಈ ಪ್ರಶ್ನೆಯನ್ನು 1873ರಲ್ಲೇ ಎದುರಿಸಿತು. ಆ ಸೆಪ್ಟೆಂಬರಿನಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ ಜೋತಿಬಾ ಫುಲೆ, ಡಿಸೆಂಬರಿನಲ್ಲಿ ಪುರೋಹಿತರಿಲ್ಲದ ಮದುವೆ ಮಾಡಿಸಿದರು. ಅವರು ಮರಾಠಿಯಲ್ಲಿ ಬರೆದ ಮಂಗಳಾಷ್ಟಕಗಳಲ್ಲಿ ವಧು ತಲೆತಗ್ಗಿಸಿ ನಿಲ್ಲುವುದಿಲ್ಲ. ಹೆಣ್ಣಿನ ಹಕ್ಕನ್ನು ಕೊಡುತ್ತೇನೆಂದು ಆಣೆ ಮಾಡು ಎಂದು ವರನನ್ನೇ ಕೇಳುತ್ತಾಳೆ, ಅವನು ಎಲ್ಲರೆದುರು ಒಪ್ಪುತ್ತಾನೆ. ಹಳೆಯ ವಿಧಿಗೂ ನ್ಯಾಯ ಸಲ್ಲಬೇಕು: ಧರ್ಮ, ಅರ್ಥ, ಕಾಮಗಳಲ್ಲಿ ಮೀರಿ ನಡೆಯೆನೆಂದು ಮಾತು ಕೊಡುವವನು ವರ, ಏಳನೆಯ ಹೆಜ್ಜೆ ಬೇಡುವುದು ಗೆಳೆತನವನ್ನು. ಆದರೂ ನನ್ನ ಮಾತಿಗೆ ಮನಸ್ಸು ಕೊಡು ಎಂದು ವರನು ವಧುವಿಗೆ ಹೇಳುವ ಮಂತ್ರವೂ ಮನೆಯ ವಿಧಿಗಳನ್ನು ಹೇಳುವ ಗೃಹ್ಯಸೂತ್ರದಲ್ಲಿದೆ.

ಮಂತ್ರಗಳ ಸಂಸ್ಕೃತ ಯಾರಿಗೆ ತಿಳಿಯುತ್ತದೆ, ಬಿಡಿ ಎನ್ನುವವರಿದ್ದಾರೆ. ತಿಳಿಯದೆ ಕೊಟ್ಟ ಮಾತು ಮಾತೇ ಅಲ್ಲ. ಇಬ್ಬರೂ ಸಮಾನರಾದರೆ ಮನೆ ನಡೆಯುವುದು ಹೇಗೆ ಎಂಬ ಆತಂಕ ಇನ್ನೂ ಗಂಭೀರವಾದದ್ದು. ಮನೆಸಾಲ, ಮಕ್ಕಳ ಓದು, ವಯಸ್ಸಾದ ತಂದೆತಾಯಿಯ ಆಸ್ಪತ್ರೆ ಖರ್ಚು: ಇಂಥ ಕಡೆ ಯಾರಾದರೊಬ್ಬರು ಬಗ್ಗಲೇಬೇಕು, ನಿಜ. ಆದರೆ ವಿಷಯ ತಿಳಿದು ಈ ಸಲ ಅವಳು, ಮುಂದಿನ ಸಲ ಅವನು ಬಗ್ಗುವುದು ಬೇರೆ; ವಿಷಯ ಯಾವುದೆಂದು ಗೊತ್ತಾಗುವ ಮೊದಲೇ ಜೀವಮಾನವಿಡೀ ಅವಳೊಬ್ಬಳೇ ಬಗ್ಗಬೇಕೆಂದು ಬರೆಸಿಕೊಳ್ಳುವುದು ಬೇರೆ. ಗಂಡ ತಪ್ಪು ಹೆಜ್ಜೆ ಇಡುವಾಗ ತಡೆಯಬಲ್ಲ ದನಿಯನ್ನೇ ಅಂಥ ಪ್ರತಿಜ್ಞೆ ಮೊದಲ ದಿನ ಅಡಗಿಸುತ್ತದೆ. ಬೇರೆ ದಾರಿಗಳಿವೆ: ಕುವೆಂಪು ಅವರ ಸರಳ ಮದುವೆಯ ವಿಧಿಯಾದ ಮಂತ್ರಮಾಂಗಲ್ಯ ಸಮಾನತೆಯನ್ನೇ ಕನ್ನಡದಲ್ಲಿ ಬೋಧಿಸಿತು. ಪುಣೆಯ ಜ್ಞಾನಪ್ರಬೋಧಿನಿ ಸಂಸ್ಥೆ ಮಹಿಳೆಯರಿಗೂ ಪೌರೋಹಿತ್ಯ ಕಲಿಸಿ, ಮಂತ್ರಗಳ ಅರ್ಥವನ್ನು ಮಂಟಪದಲ್ಲೇ ಹೇಳಿಸುತ್ತದೆ. ಮುಹೂರ್ತ ಗೊತ್ತು ಮಾಡುವ ದಿನವೇ ವಧೂವರರು ಕೂತು, ತಾವು ಆಡಲಿರುವ ಒಂದೊಂದು ಮಾತಿನ ಅರ್ಥವನ್ನೂ ಕೇಳಿ ತಿಳಿದುಕೊಳ್ಳಲಿ.