ಗೋಡೆಯ ಮೇಲಿನ ನಿರ್ಜನ ಕಾಡು



ಅರಣ್ಯ, ಪರ್ವತ, ಜಲಪಾತಗಳ ಪ್ರಸಿದ್ಧ ಚಿತ್ರಗಳ ಅಕ್ರಿಲಿಕ್ ಪ್ರತಿಗಳು ಇಂದು ಸುಲಭವಾಗಿ ದೊರೆಯುತ್ತವೆ. ಅವನ್ನು ಕೊಂಡು ಗೋಡೆಗೆ ತೂಗುಹಾಕುವುದು ತಪ್ಪೇನಲ್ಲ. ಆದರೆ ಚಿತ್ರದೊಡನೆ ಮನೆಯೊಳಗೆ ಬರುವ ಕಲ್ಪನೆ ಯಾವುದೆಂಬ ವಿವೇಚನೆ ಅಗತ್ಯ.

ಅಮೆರಿಕದ ಥಾಮಸ್ ಮೊರಾನ್ ರಚಿಸಿದ ಯೆಲ್ಲೋಸ್ಟೋನ್ ಮಹಾಕಂದರದ ಚಿತ್ರ ಇದಕ್ಕೊಂದು ನಿದರ್ಶನ. 1871ರಲ್ಲಿ ಭೂವಿಜ್ಞಾನಿ ಹೇಡನ್ ನೇತೃತ್ವದ ಸರ್ವೇಕ್ಷಣಾ ತಂಡದೊಡನೆ ಮೊರಾನ್ ಅಲ್ಲಿಗೆ ತೆರಳಿದನು. ಅವನ ಜಲವರ್ಣಗಳೂ ವಿಲಿಯಂ ಹೆನ್ರಿ ಜಾಕ್ಸನ್ನನ ಛಾಯಾಚಿತ್ರಗಳೂ ಜನಪ್ರತಿನಿಧಿಗಳ ಮನವೊಲಿಸಲು ನೆರವಾದವು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಮೊರಾನ್ ಪೂರ್ಣಗೊಳಿಸಿದ, ಸುಮಾರು 7 ಅಡಿ ಎತ್ತರ ಹಾಗೂ 12 ಅಡಿ ಅಗಲದ ತೈಲಚಿತ್ರವನ್ನು ಅಮೆರಿಕದ ಸಂಸತ್ತು 10,000 ಡಾಲರಿಗೆ ಕೊಂಡಿತು.

ಆ ಚಿತ್ರದ ಮುನ್ನೆಲೆಯಲ್ಲಿ ಕೆಲವು ಪುಟ್ಟ ಮನುಷ್ಯಾಕೃತಿಗಳಿವೆ, ಅವರಲ್ಲೊಬ್ಬ ಮೂಲನಿವಾಸಿ. ಎರಡು ಅಡಿ ಅಗಲದ ಪ್ರತಿಯಲ್ಲಿ ಅವನು ಬರಿಯ ಚುಕ್ಕೆ. ನಕಲುಗಾರನು ಆ ಚುಕ್ಕೆಯನ್ನು ಕೈಬಿಟ್ಟರೂ ಕೊಳ್ಳುವವರಿಗೆ ತಿಳಿಯದು.

ಚರಿತ್ರೆಯಲ್ಲಿ ನಡೆದುದೂ ಇದೇ. ಯೆಲ್ಲೋಸ್ಟೋನ್ ನಿರ್ಜನವಾಗಿರಲಿಲ್ಲ. ಅಲ್ಲಿನ ಗಾಜುಗಲ್ಲಿನ ಬಂಡೆಯಿಂದ ಜನರು ಸಾವಿರಾರು ವರ್ಷಗಳ ಕಾಲ ಬಾಣದ ಮೊನೆಗಳನ್ನು ತಯಾರಿಸಿದ್ದರು. ಕಾಡುಕುರಿಗಳನ್ನು ಬೇಟೆಯಾಡುತ್ತಿದ್ದ ಟುಕುಡಿಕ ಶೋಶೋನಿ ಜನರು ಅಲ್ಲಿಯೇ ಬಾಳಿದ್ದರು. ಉದ್ಯಾನ ಘೋಷಣೆಯಾದ ಕೆಲವೇ ವರ್ಷಗಳಲ್ಲಿ ಅವರನ್ನು ಹೊರಗಣ ಮೀಸಲು ಪ್ರದೇಶಗಳಿಗೆ ಕಳುಹಿಸಲಾಯಿತು. ಮುಂದೆ ರಾಷ್ಟ್ರೀಯ ಉದ್ಯಾನದ ಮಾದರಿ ಜಗತ್ತಿನಾದ್ಯಂತ ಹರಡಿತು. ಜನರಿಲ್ಲದ ಕಾಡೇ ನಿಜವಾದ ಕಾಡೆಂಬ ಭಾವನೆಯೂ ಅದರೊಡನೆ ಸಾಗಿತು. ನಾಗರಹೊಳೆಯ ಹಾಡಿಗಳನ್ನು ತೊರೆಯಬೇಕಾದ ಜೇನುಕುರುಬರ ಬದುಕಿನ ಮೇಲೂ ಅದರ ನೆರಳು ಬಿದ್ದಿದೆ.

ಬಣ್ಣದ ವಿಚಾರವನ್ನೂ ಅರಿಯಬೇಕು. ತೈಲವರ್ಣ ಒಣಗಲು ದಿನಗಳು, ವಾರಗಳು ಬೇಕು. ತೆಳುವಾದ ಅಕ್ರಿಲಿಕ್ ಲೇಪ ನಿಮಿಷಗಳಲ್ಲಿ ಒಣಗುತ್ತದೆ. ತ್ವರಿತವಾಗಿ ಪ್ರತಿ ತಯಾರಿಸಲು ಇದು ಅನುಕೂಲ. ಆದರೆ ನೀರಿನಲ್ಲಿ ಬೆರೆಯುವ ಈ ಬಣ್ಣ ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಪದರವೇ ಸರಿ. ಕುಂಚ ತೊಳೆದ ನೀರನ್ನು ಚರಂಡಿಗೆ ಚೆಲ್ಲಿದರೆ ಅದರ ಕಣಗಳು ಹಳ್ಳಕೊಳ್ಳಗಳನ್ನು ಸೇರಬಲ್ಲವು. ಕಾಡಿನ ಚಿತ್ರವೇ ಕಾಡಿನ ನೀರನ್ನು ಕೆಡಿಸುವಂತಾಗಬಾರದು.

ಕೊಳ್ಳುವವರು ಮೊದಲು ಮೂಲಚಿತ್ರದ ಉತ್ತಮ ಮುದ್ರಣವೊಂದನ್ನು ನೋಡಲಿ. ಪ್ರತಿಯು ಕೈಯಿಂದ ಬರೆದುದೋ, ಅಚ್ಚಿನ ಮೇಲೆ ಬಣ್ಣ ಸವರಿದುದೋ ಎಂದು ವಿಚಾರಿಸಲಿ. ಎರಡು ಅಡಿ ಎತ್ತರ, ಮೂರು ಅಡಿ ಅಗಲದ ಚೌಕಟ್ಟಿನಲ್ಲಿ ಮೊರಾನನ ಚಿತ್ರ ಪೂರ್ತಿ ತುಂಬಬೇಕಾದರೆ ಅಂಚುಗಳನ್ನು ಕತ್ತರಿಸಲೇಬೇಕು. ಕಡೆಯದಾಗಿ, ಮುನ್ನೆಲೆಯ ಆ ಚುಕ್ಕೆಯನ್ನು ಹುಡುಕಲಿ. ಅದು ಇಲ್ಲದಿದ್ದರೆ ಅಳಿಸಿಹೋದುದು ಬಣ್ಣ ಮಾತ್ರವಲ್ಲ, ಆ ನೆಲದ ಒಬ್ಬ ಮನುಷ್ಯ.